ಎಡದಂಡೆಯ ನೀರಿಗೆ ಬಂದು ನೆಲಸಿದ ಎರಡು ಜನಸಮುದಾಯಗಳ ಯೋಗಕ್ಷೇಮ ವಿಚಾರ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಸಿಂಧನೂರಿನಿಂದ ಕಾಲುವೆಯ ಬಯಲಿಗೆ ಹೊರಟವರಿಗೆ ಹಾದಿಯ ಎಡಬಲಗಳಲ್ಲಿ ‘ಕ್ಯಾಂಪು’ ಎಂಬ ಹೆಸರಿನ ಊರುಗಳು ಕಾಣಬರುವುವೆಂಬುದು ತಮಗೆಲ್ಲರಿಗೂ ವಿದಿತವಾದ ವಿಷಯವೇ ಆಗಿರುವುದು. ಇವುಗಳಲ್ಲಿ ಕೆಲವು ಕೃಷ್ಣಾ, ಗೋದಾವರಿ, ಗುಂಟೂರು, ನೆಲ್ಲೂರು ಸೀಮೆಗಳಿಂದ ಬಂದ ತೆಲುಗು ಒಕ್ಕಲಿಗರ ಊರುಗಳು. ಕೆಲವು ಪೂರ್ವಬಂಗಾಲದಿಂದ ಬಂದ ನಿರಾಶ್ರಿತರ ಊರುಗಳು. ಕ್ಯಾಂಪೆಂದರೆ ಇಂದು ಇದ್ದು ನಾಳೆ ಕಿತ್ತುಹೋಗುವ ಬಿಡಾರವೆಂದು ಅರ್ಥ. ಆದರೆ ಈ ಬಿಡಾರಗಳು ಕೀಳದೆ ಐವತ್ತು ಅರುವತ್ತು ವರ್ಷಗಳು ಸಂದುಹೋದುವು. ಅಲ್ಲಿ ಹುಟ್ಟಿದ ಮಕ್ಕಳಿಗೆ ಮೊಮ್ಮಕ್ಕಳಾಗಿರುವರು. ಆದರೂ ಸುತ್ತಣ ಹಳ್ಳಿಗಳ ಬಾಯಲ್ಲಿ ಅವರಿಬ್ಬರಿಗೂ ಒಂದೇ ಹೆಸರು, ‘ಹೊರಗಿನವರು’ ಎಂದು.

ಒಂದೇ ಹೆಸರಿನಿಂದ ಕರೆಯಲ್ಪಡುವ ಈ ಎರಡು ಸಮುದಾಯಗಳ ಸ್ಥಿತಿ ಒಂದೇ ಬಗೆಯಾಗಿಲ್ಲ. ಮೊದಲನೆಯ ಸಮುದಾಯವು ಒಟ್ಟಿನಲ್ಲಿ ಧನಧಾನ್ಯಗಳಿಂದ ಕೂಡಿದೆ; ಎರಡನೆಯದರಲ್ಲಿ ಬಹುಮಂದಿ ಅಂದಂದಿನ ದುಡಿಮೆಯಿಂದ ಅಂದಂದಿನ ಹೊಟ್ಟೆ ಹೊರೆಯುವವರು. ಒಂದೇ ಸೀಮೆಗೆ, ಒಂದೇ ನದಿಯ ನೀರನ್ನು ನಂಬಿ, ಒಂದು ತಲೆಮಾರಿನ ಅವಧಿಯೊಳಗೆ ಬಂದವರಲ್ಲಿ ಈ ಭೇದವೇಕೆ ಉಂಟಾಯಿತೆಂಬುದೇ ಪ್ರಕೃತ ವಿಚಾರ. ಈ ವಿಚಾರವು ಕ್ಯಾಂಪುಗಳವರಿಗೆ ಮಾತ್ರ ಸಂಬಂಧಿಸಿದುದೆಂದು ಯಾರೂ ತಿಳಿಯಬಾರದು. ಇದರ ಉತ್ತರದಲ್ಲಿ ಈ ನೆಲದ ಮೂಲನಿವಾಸಿಗಳ ಹಣೆಬರಹವೂ ಅಡಗಿರುವುದು ಮುಂದೆ ವ್ಯಕ್ತವಾಗುವುದು.

ಮೊದಲು ‘ಯೋಗಕ್ಷೇಮ’ ಎಂಬ ಶಬ್ದದ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಕಾಗದ ಬರೆಯುವಾಗ ಎಲ್ಲರೂ ಈ ಶಬ್ದವನ್ನು ಬಳಸುವರು. ಅದರಲ್ಲಿ ಎರಡು ಪದಾರ್ಥಗಳಿರುವುದನ್ನು ಗಮನಿಸುವವರು ವಿರಳ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹೊಲ ದೊರೆಯುವುದು ಯೋಗವಾದರೆ, ಆ ಹೊಲವು ಮಗನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಕೈಯಲ್ಲಿ ಉಳಿಯುವಂತಾಗುವುದು ಕ್ಷೇಮ. ಇವೆರಡೂ ಬೇರೆಬೇರೆ ಕಾರಣಗಳಿಂದ ಒದಗತಕ್ಕವು. ಒಂದು ದೊರೆತ ಮಾತ್ರಕ್ಕೆ ಇನ್ನೊಂದು ದೊರೆಯಿತೆನ್ನುವಂತಿಲ್ಲ.

ಈ ನಾಡಿನ ಪೂರ್ವಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬಯಲು ಬಹುಮಟ್ಟಿಗೆ ಎರೆಭೂಮಿ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ, ಅದೂ ನಂಬಿಕೆಯದಲ್ಲ. ಜೋಳ, ಸಜ್ಜೆ, ಹತ್ತಿ ಇಲ್ಲಿನ ಬೆಳೆ. ೧೮೭೬ರಿಂದ ೧೮೭೮ರ ವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದ ಮಾತು ಮುದುಕರ ಬಾಯಲ್ಲಿ ಬಹುಕಾಲ ಉಳಿದಿತ್ತು. ಹೈದರಾಬಾದು ಸಂಸ್ಥಾನದ ಆಳಿಕೆಯಲ್ಲಿ ಲಿಂಗಸುಗೂರು ೧೯೦೫ರ ವರೆಗೆ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದು, ಆಮೇಲೆ ರಾಯಚೂರು ಜಿಲ್ಲೆಗೆ ಸೇರಿತು. ಇನ್ನು ಮಸ್ಕಿಯ ಬಂಡೆಯ ಮೇಲೆ ಅಶೋಕಚಕ್ರವರ್ತಿಯ ಹೆಸರನ್ನೇ ಹೇಳುವ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಮಗಧದ ಆಜ್ಞೆಯು ಇಲ್ಲಿಯ ಕಲ್ಲಿನ ಮೇಲೆ ಬರೆಯಲ್ಪಟ್ಟಿತೆಂದರೆ, ಹೊರಗಿನಿಂದ ಬರುವವರು ಈ ಸೀಮೆಗೆ ಹೊಸಬರಲ್ಲವೆಂಬುದು ಸ್ಪಷ್ಟವಾಗಿದೆ.

ನಾಡಿನ ರೂಪವನ್ನು ಬದಲಾಯಿಸಿದುದು ತುಂಗಭದ್ರಾ ಅಣೆಕಟ್ಟು. ೧೯೪೫ನೆಯ ಫೆಬ್ರವರಿ ೨೮ರಂದು ಒಂದು ದಂಡೆಯಲ್ಲಿ ಮದ್ರಾಸು ಸರಕಾರವೂ ಇನ್ನೊಂದು ದಂಡೆಯಲ್ಲಿ ಹೈದರಾಬಾದು ಸಂಸ್ಥಾನವೂ ಅಡಿಗಲ್ಲನ್ನಿಟ್ಟುವು. ೧೯೫೩ರಲ್ಲಿ ಕಾಲುವೆಗೆ ನೀರು ಹರಿಯತೊಡಗಿತು. ೧೯೫೬ನೆಯ ನವೆಂಬರ್ ೧ರಂದು ರಾಯಚೂರು ಜಿಲ್ಲೆಯು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆಯ ಮುಖ್ಯ ಕಾಲುವೆಯ ಉದ್ದ ೨೨೭ ಕಿಲೋಮೀಟರು; ಅದರ ಕೆಳಗೆ ನೀರಾವರಿಗೆ ಗೊತ್ತುಮಾಡಲ್ಪಟ್ಟ ಭೂಮಿ ಸುಮಾರು ಆರು ಲಕ್ಷ ಎಕರೆ. ಇಲ್ಲಿ ಒಂದು ಮುಖ್ಯಾಂಶವನ್ನು ನೆನಪಿಡಬೇಕು. ಈ ಕಾಲುವೆಯನ್ನು ತೋಡಿದುದು ಭತ್ತಕ್ಕಾಗಿ ಅಲ್ಲ. ಬರಗಾಲದ ಸೀಮೆಯಾದುದರಿಂದ, ನೀರನ್ನು ತೆಳುವಾಗಿ ಬಹು ವಿಸ್ತಾರಕ್ಕೆ ಹರಡಿ ಜೋಳ ಹತ್ತಿಗಳಂತಹ ಬೆಳೆಗಳನ್ನು ಕಾಪಾಡುವುದು ಯೋಜನೆಯ ಉದ್ದೇಶವಾಗಿತ್ತು; ಭತ್ತಕ್ಕೆ ಬಿಟ್ಟ ಪಾಲು ಅಲ್ಪವಾಗಿತ್ತು.

ನೀರು ಬಂದಿತು, ಆದರೆ ಮಳೆಯನ್ನೇ ನಂಬಿ ಬಾಳಿದ ಒಕ್ಕಲಿಗನಿಗೆ ಆ ನೀರನ್ನು ಹೊಲಕ್ಕೆ ಬಿಟ್ಟುಕೊಳ್ಳುವ ಬಗೆ ತಿಳಿದಿರಲಿಲ್ಲ. ಏರುತಗ್ಗುಗಳನ್ನು ಸಮಮಾಡಿ, ಮಡಿ ಕಟ್ಟಿ, ಒಡ್ಡು ಹಾಕಿ, ಬಸಿಗಾಲುವೆ ತೋಡಲು ಹಣ ಬೇಕು. ಆ ಹಣ ಅವನಲ್ಲಿರಲಿಲ್ಲ. ಎರೆನೆಲಕ್ಕೆ ನೀರು ನಿಂತರೆ ಹೊಲ ಕೆಡುವುದೆಂಬ ಭಯವೂ ಇತ್ತು. ಆ ಭಯವು ಪೂರ್ತಿಯಾಗಿ ಸುಳ್ಳಾಗಿರಲಿಲ್ಲವೆಂಬುದನ್ನು ಕಾಲವೇ ತೋರಿಸಿತು. ಇಂತಹ ಸಮಯದಲ್ಲಿ ಕರಾವಳಿ ಆಂಧ್ರದ ಒಕ್ಕಲಿಗರು ಬಂದರು.

ಧವಳೇಶ್ವರದಲ್ಲಿ ಗೋದಾವರಿಗೆ ೧೮೫೨ರಲ್ಲಿಯೂ ಬೆಜವಾಡದಲ್ಲಿ ಕೃಷ್ಣೆಗೆ ೧೮೫೫ರಲ್ಲಿಯೂ ಅಣೆಕಟ್ಟುಗಳು ಕಟ್ಟಲ್ಪಟ್ಟಿದ್ದುವು. ಹೀಗಾಗಿ ಅಲ್ಲಿಯ ಕಮ್ಮ, ರೆಡ್ಡಿ, ರಾಜು, ಕಾಪು ಮೊದಲಾದ ಕೃಷಿಕ ಕುಲಗಳವರಿಗೆ ಕಾಲುವೆಯ ನೀರಿನೊಡನೆ ನೂರು ವರ್ಷಗಳ ಪರಿಚಯವಿತ್ತು. ಅಲ್ಲಿ ಭೂಮಿಯ ಬೆಲೆ ಬಹಳ ಏರಿತ್ತು. ಅಣ್ಣತಮ್ಮಂದಿರ ಪಾಲುಗಳು ಕಿರಿದಾಗಿದ್ದುವು. ಅಲ್ಲಿನ ಒಂದೆಕರೆಯನ್ನು ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆಗಳು ದೊರೆಯುತ್ತಿದ್ದುವು. ಮೊದಲು ಒಬ್ಬ ಬಂಧು ಬಂದು ನೋಡಿಹೋಗುವನು. ಅನಂತರ ನಾಲ್ಕು ಮನೆಗಳು ಬರುವುವು. ಅನಂತರ ಒಂದು ಕ್ಯಾಂಪು ಏಳುವುದು. ಅವರು ಹೊಲಗಳನ್ನು ತಾವೇ ನಡೆದು ನೋಡಿ, ನೀರಿನ ತೂಬು ಎಲ್ಲಿದೆಯೆಂದು ವಿಚಾರಿಸಿ, ಆರಿಸಿ ಕೊಂಡರು. ಕೊಂಡ ದಿನವೇ ಪತ್ರವು ಅವರ ಹೆಸರಿಗೆ ನೋಂದಾಯಿತು. ಹೊಲಗಳನ್ನು ಸಮಮಾಡಿ ಭತ್ತವನ್ನು ನಾಟಿಮಾಡಿದರು. ಅಕ್ಕಿಯ ಗಿರಣಿಗಳೂ ಗೊಬ್ಬರ ಔಷಧಿಗಳ ಅಂಗಡಿಗಳೂ ಬೆಳೆದುವು. ಇಂದು ಸೋನಾಮಸೂರಿ ಅಕ್ಕಿಯೊಡನೆ ಸಿಂಧನೂರಿನ ಹೆಸರು ದೂರದೂರದ ಪೇಟೆಗಳಿಗೆ ಹೋಗುವುದಾದರೆ, ಅದರ ಆರಂಭದಲ್ಲಿ ಇವರ ಬೆವರು ಇರುವುದನ್ನು ಯಾರೂ ಅಲ್ಲಗಳೆಯಲಾರರು.

ಇನ್ನು ಎರಡನೆಯ ಸಮುದಾಯದ ಕಥೆ. ೧೯೪೭ರ ದೇಶವಿಭಜನೆಯಲ್ಲಿ ಪೂರ್ವಬಂಗಾಲವು ಪಾಕಿಸ್ತಾನಕ್ಕೆ ಸೇರಿತು. ಖುಲ್ನಾ, ಜೆಸ್ಸೂರು, ಫರೀದಪುರ, ಬಾರಿಸಾಲ ಪ್ರಾಂತಗಳ ತಗ್ಗುನೆಲಗಳಲ್ಲಿ ಭತ್ತ ಬೆಳೆದು, ದೋಣಿ ನಡೆಸಿ, ಮೀನು ಹಿಡಿದು ಬಾಳುತ್ತಿದ್ದ ನಾಮಶೂದ್ರ ಕುಲದವರು ಮೊದಮೊದಲು ತಮ್ಮ ಊರುಗಳನ್ನು ಬಿಡಲಿಲ್ಲ. ೧೯೫೦ರ ಗಲಭೆಗಳಲ್ಲಿ ಕೆಲವರೂ, ೧೯೬೪ರ ಗಲಭೆಗಳ ತರುವಾಯ ಬಹುಮಂದಿಯೂ ಗಡಿಯನ್ನು ದಾಟಿದರು. ಆ ವೇಳೆಗೆ ಪಶ್ಚಿಮಬಂಗಾಲದಲ್ಲಿ ಸ್ಥಳವಿಲ್ಲವೆಂಬ ನಿರ್ಣಯವಾಗಿತ್ತು. ೧೯೬೪ರಿಂದ ೧೯೭೧ರ ಮಾರ್ಚ್ ವರೆಗೆ ಬಂದವರಿಗೆ, ಆ ರಾಜ್ಯದ ಹೊರಗೆ ಹೋಗಿ ನೆಲಸಲು ಒಪ್ಪಿದರೆ ಮಾತ್ರ ಸಹಾಯವೆಂಬ ನಿಯಮವಿತ್ತು. ರಾಯಪುರದ ಬಳಿಯ ಮಾನಾ ಶಿಬಿರದಲ್ಲಿ ಜನರು ತಮ್ಮ ಸರದಿಯನ್ನು ಕಾದರು. ಹಲವರನ್ನು ದಂಡಕಾರಣ್ಯಕ್ಕೆ ಕಳುಹಿಸಲಾಯಿತು. ೧೯೭೦ರ ಆಸುಪಾಸಿನಲ್ಲಿ ಒಂದು ಭಾಗವನ್ನು ಸಿಂಧನೂರಿಗೆ ಕರೆತರಲಾಯಿತು. ಆರ್.ಎಚ್. ಎಂಬ ಅಕ್ಷರಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿಗಳನ್ನಿಟ್ಟು ಅವರ ವಸತಿಗಳಿಗೆ ಹೆಸರುಮಾಡಲಾಯಿತು. ಮನೆಗೊಂದು ನಿವೇಶನವೂ ಸಾಗುವಳಿಗೆ ಭೂಮಿಯೂ ಹಂಚಲ್ಪಟ್ಟುವು. ತಮ್ಮ ಊರನ್ನು ಬಿಡಬೇಕೆಂದು ಅವರು ಬಯಸಿರಲಿಲ್ಲ. ಸಿಂಧನೂರೆಂಬ ಹೆಸರನ್ನೂ ಅವರು ಆರಿಸಿರಲಿಲ್ಲ.

ಈಗ ತಾರತಮ್ಯವನ್ನು ನೋಡೋಣ. ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸಲು ಅನ್ವಯ-ವ್ಯತಿರೇಕಗಳೆಂಬ ಉಪಾಯವುಂಟು. ಯಾವುದು ಇದ್ದಾಗ ಕಾರ್ಯವುಂಟಾಗುವುದೋ, ಯಾವುದು ಇಲ್ಲದಿದ್ದಾಗ ಕಾರ್ಯವುಂಟಾಗುವುದಿಲ್ಲವೋ, ಅದೇ ಕಾರಣ. ಎರಡೂ ಕಡೆಗಳಲ್ಲಿ ಸಮಾನವಾಗಿರುವುದು ಭೇದಕ್ಕೆ ಕಾರಣವಾಗಲಾರದು. ಹಾಗಾದರೆ ಈ ಎರಡು ಸಮುದಾಯಗಳಲ್ಲಿ ಸಮಾನವಾದುದೇನು? ಇಬ್ಬರೂ ಮಹಾನದಿಗಳ ಮುಖಜಭೂಮಿಯಿಂದ ಬಂದವರು. ಇಬ್ಬರಿಗೂ ಭತ್ತವು ತಲೆತಲಾಂತರದ ವಿದ್ಯೆ. ಇಬ್ಬರೂ ಮೈಮುರಿದು ದುಡಿಯುವವರು. ಇಬ್ಬರ ಮನೆಮಾತೂ ಕನ್ನಡವಲ್ಲ. ಇಬ್ಬರೂ ಬಂದುದು ಒಂದೇ ಕಾಲುವೆಯ ಸೀಮೆಗೆ. ಆದುದರಿಂದ ಕೃಷಿಜ್ಞಾನವಾಗಲಿ, ಕಾಯಕವಾಗಲಿ, ಭಾಷೆಯಾಗಲಿ, ನದಿಯಾಗಲಿ ಈ ಭೇದಕ್ಕೆ ಕಾರಣವಾಗಲಾರದು. ‘ಆಂಧ್ರದವರು ಉದ್ಯೋಗಶೀಲರು, ಬಂಗಾಲಿಗಳು ಹಾಗಲ್ಲ’ ಎಂದು ಸಂತೆಯಲ್ಲಿ ಕೇಳಿಬರುವ ಪೂರ್ವಪಕ್ಷವು ಇಷ್ಟರಿಂದಲೇ ನಿರಾಕೃತವಾಯಿತು. ಬೆಳಗಿನ ಜಾವದಲ್ಲಿ ತರಕಾರಿಯ ಬುಟ್ಟಿಯನ್ನೋ ಮೀನಿನ ಬುಟ್ಟಿಯನ್ನೋ ಹೊತ್ತು ಪೇಟೆಗೆ ಬರುವ ಹೆಣ್ಣುಮಗಳನ್ನು ಉದ್ಯೋಗಶೀಲಳಲ್ಲವೆಂದು ಹೇಳುವವನು ಆ ಹೊತ್ತಿಗೆ ಹಾಸಿಗೆಯಲ್ಲಿದ್ದವನೇ ಆಗಿರಬೇಕು.

ಭಿನ್ನವಾದ ಅಂಶಗಳು ಯಾವುವೆಂದರೆ ಐದು.

ಮೊದಲನೆಯದು ಬಂಡವಾಳ. ಒಬ್ಬನು ಊರಿನ ಹೊಲ ಮಾರಿದ ಹಣವನ್ನು ಸೊಂಟದಲ್ಲಿ ಕಟ್ಟಿಕೊಂಡು ಬಂದನು. ಇನ್ನೊಬ್ಬನು ಊರಿನ ಹೊಲವನ್ನು ಬಿಟ್ಟು ಬಂದನು. ನೀರಾವರಿಯ ಕೃಷಿಯಲ್ಲಿ ಬೀಜ, ಗೊಬ್ಬರ, ಆಳು, ಔಷಧಿ ಇವೆಲ್ಲಕ್ಕೂ ಮೊದಲೇ ಹಣ ಹಾಕಬೇಕು. ಫಲವು ನಾಲ್ಕೈದು ತಿಂಗಳಾದ ಮೇಲೆ. ಆ ನಡುವಣ ಅವಧಿಯಲ್ಲಿ ಸಾಲ ಮಾಡಿದವನ ಬೆಳೆಯು ಕಣದಲ್ಲಿಯೇ ಪರರ ಪಾಲಾಗುವುದು.

ಎರಡನೆಯದು ಭೂಮಿಯ ಆಯ್ಕೆ ಮತ್ತು ವಿಸ್ತಾರ. ಆರಿಸಿ ಕೊಂಡ ಭೂಮಿಗೂ ಚೀಟಿಯ ಮೇಲೆ ಹಂಚಿದ ಭೂಮಿಗೂ ಅಂತರವುಂಟು. ಅಲ್ಲದೆ ಕೊಳ್ಳಬಲ್ಲವನು ಮುಂದೆಯೂ ಕೊಳ್ಳುವನು; ಹಂಚಿಕೆ ಪಡೆದವನಿಗೆ ಎರಡನೆಯ ಹಂಚಿಕೆಯಿಲ್ಲ. ಉದಾಹರಣೆಗಾಗಿ ಒಂದು ಮನೆಗೆ ಐದೆಕರೆಯೆಂದು ಇಟ್ಟುಕೊಳ್ಳೋಣ. ಮೂವರು ಗಂಡುಮಕ್ಕಳಿಗೆ ಹಂಚಿ, ಅವರಲ್ಲಿ ಒಬ್ಬೊಬ್ಬನಿಗೂ ಮತ್ತೆ ಮೂವರಾದರೆ, ಮೊಮ್ಮಗನ ಪಾಲಿಗೆ ಬರುವುದು ಇಪ್ಪತ್ತೆರಡು ಗುಂಟೆ. ಇಷ್ಟರಲ್ಲಿ ಒಂದು ಸಂಸಾರದ ಅನ್ನವಸ್ತ್ರ ವಿದ್ಯೆಗಳು ನಡೆಯಲಾರವು. ಆದುದರಿಂದಲೇ ಬಂಗಾಲಿ ಕ್ಯಾಂಪುಗಳ ಯುವಕರು ಪರರ ಗದ್ದೆಯ ಕೂಲಿಗೆ, ಮೀನು ಸಾಕಣೆಗೆ, ಹೊಲಿಗೆಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಬೇಕಾಗಿ ಬಂದಿತು. ಭತ್ತ ಕೊಯ್ಯುವ ಯಂತ್ರಗಳು ಬಂದ ಮೇಲೆ ಕಟಾವಿನ ಕೂಲಿಯೂ ಕುಗ್ಗಿತು.

ಮೂರನೆಯದು ಬಂಧುಬಳಗ. ತೆಲುಗು ಒಕ್ಕಲಿಗನಿಗೆ ತವರುಸೀಮೆಯ ಬಾಗಿಲು ಎಂದೂ ಮುಚ್ಚಲಿಲ್ಲ. ಹೆಣ್ಣನ್ನು ಅಲ್ಲಿಂದ ತಂದನು; ಮಗನನ್ನು ಓದಲು ಅಲ್ಲಿಗೆ ಕಳುಹಿಸಿದನು; ಬೆಳೆ ಹೋದ ವರ್ಷ ಮಾವನ ಮನೆಯಿಂದ ಸಾಲ ತಂದನು. ಬಂಗಾಲಿಯ ಹಿಂದೆ ಗಡಿಯ ಬಾಗಿಲು ಮುಚ್ಚಿತು. ಆಪತ್ಕಾಲದಲ್ಲಿ ಅವನಿಗಿದ್ದ ಬಂಧುಗಳೆಂದರೆ ಅವನಷ್ಟೇ ಬಡವರಾದ ನೆರೆಮನೆಯವರು.

ನಾಲ್ಕನೆಯದು ಪೌರತ್ವ. ಇದು ಎಲ್ಲಕ್ಕಿಂತ ಸೂಕ್ಷ್ಮವಾದುದರಿಂದ ಸ್ವಲ್ಪ ವಿಸ್ತರಿಸಬೇಕಾಗಿದೆ. ಆಂಧ್ರದಿಂದ ಬಂದವನು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಬಂದ ಭಾರತೀಯ. ಅವನನ್ನು ನೀನು ಯಾರೆಂದು ಯಾವ ಕಚೇರಿಯೂ ಕೇಳಲಿಲ್ಲ. ಬಂಗಾಲಿಯ ವಿಷಯ ಹಾಗಲ್ಲ. ೧೯೫೫ರ ಪೌರತ್ವ ಕಾಯಿದೆಯೂ ಅದರ ತಿದ್ದುಪಡಿಗಳೂ ಹೇಳುವ ಪ್ರಕಾರ, ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಪೌರನು. ಅಂದಿನಿಂದ ೨೦೦೪ರ ಡಿಸೆಂಬರ್ ೩ಕ್ಕೆ ಮುಂಚೆ ಹುಟ್ಟಿದವನಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಅನಂತರ ಹುಟ್ಟಿದ ಕೂಸಿಗೆ ತಂದೆತಾಯಿಗಳಲ್ಲಿ ಒಬ್ಬರೂ ಅಕ್ರಮ ವಲಸಿಗರಾಗಿರಕೂಡದು. ಇದರ ಪರಿಣಾಮವನ್ನು ಯೋಚಿಸಿರಿ. ಮೊದಲೇ ಬಂದು ನೋಂದಾಯಿಸಿಕೊಂಡವರ ಮನೆಗೆ ತಡವಾಗಿ ಬಂದ ಒಬ್ಬಳು ಸೊಸೆಯಾದರೆ, ಅದೇ ಮಣ್ಣಿನಲ್ಲಿ ಹುಟ್ಟಿ ಅದೇ ಶಾಲೆಯಲ್ಲಿ ಕನ್ನಡ ಓದಿದ ಮೊಮ್ಮಗನ ಹಕ್ಕು ಅವನ ತಂದೆಯ ಹಕ್ಕಿಗಿಂತ ಸಂಶಯಾಸ್ಪದವಾಗುವುದು. ಸಾಮಾನ್ಯವಾಗಿ ತಲೆಮಾರುಗಳು ಕಳೆದಂತೆ ನೆಲೆಯು ಗಟ್ಟಿಯಾಗುವುದು ಲೋಕರೂಢಿ. ಇಲ್ಲಿ ಕೆಲವರ ಪಾಲಿಗೆ ಅದು ತಿರುಗುಮುರುಗಾಯಿತು. ೨೦೧೯ರ ಡಿಸೆಂಬರಿನಲ್ಲಿ ಕಾಯಿದೆಗೆ ಮತ್ತೊಂದು ತಿದ್ದುಪಡಿಯಾಗಿ, ಬಾಂಗ್ಲಾದೇಶವೇ ಮೊದಲಾದ ಮೂರು ದೇಶಗಳಿಂದ ೨೦೧೪ರ ಡಿಸೆಂಬರ್ ೩೧ರ ಒಳಗೆ ಬಂದ ಹಿಂದೂ ಮೊದಲಾದ ಆರು ಮತಗಳವರಿಗೆ ಪೌರತ್ವದ ದಾರಿ ತೆರೆಯಿತು. ಅದರ ನಿಯಮಗಳು ೨೦೨೪ರ ಮಾರ್ಚಿನಲ್ಲಿ ಹೊರಟುವು. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವಪತ್ರಗಳು ದೊರೆತುವು. ಆ ಕಾಯಿದೆಯ ಬಗ್ಗೆ ದೇಶದಲ್ಲಿ ಭಿನ್ನಾಭಿಪ್ರಾಯಗಳಿರುವುವು. ಅದರ ವಿಮರ್ಶೆ ಇಲ್ಲಿ ಪ್ರಕೃತವಲ್ಲ. ಐವತ್ತು ವರ್ಷ ಒಂದೂರಿನಲ್ಲಿ ಬಾಳಿದವರು ಒಂದು ಪತ್ರಕ್ಕಾಗಿ ಕಾಯಬೇಕಾಯಿತೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಐದನೆಯದು ಜಾತಿಯ ಪ್ರಮಾಣಪತ್ರ. ನಾಮಶೂದ್ರರು ಪಶ್ಚಿಮಬಂಗಾಲದಲ್ಲಿ ಪರಿಶಿಷ್ಟ ಜಾತಿಯವರೆಂದು ಪರಿಗಣಿತರು. ಪರಿಶಿಷ್ಟ ಜಾತಿಗಳ ಪಟ್ಟಿಯು ರಾಜ್ಯರಾಜ್ಯಕ್ಕೆ ಬೇರೆಯಾಗಿರುವುದರಿಂದ, ಸರಕಾರವೇ ಕೈಹಿಡಿದು ಕರ್ನಾಟಕಕ್ಕೆ ಕರೆತಂದವರು ಇಲ್ಲಿ ಆ ಸ್ಥಾನವನ್ನು ಪಡೆಯಲಾರದೆ ಹೋದರು. ಅದಕ್ಕಾಗಿ ಅವರು ಬಹುಕಾಲದಿಂದ ಬೇಡುತ್ತ ಬಂದಿರುವರು. ಶಾಲೆಯ ಶುಲ್ಕ, ವಿದ್ಯಾರ್ಥಿವೇತನ, ವಸತಿಗೃಹ, ಉದ್ಯೋಗ ಇವೆಲ್ಲ ಆ ಒಂದು ಕಾಗದವನ್ನು ಅವಲಂಬಿಸಿರುವುವು.

ಈ ಐದು ಅಂಶಗಳಿಂದ ಸಿದ್ಧವಾಗುವುದೇನು? ಮೊದಲನೆಯ ಸಮುದಾಯವು ಯೋಗ ಕ್ಷೇಮಗಳೆರಡನ್ನೂ ಕಟ್ಟಿಕೊಂಡೇ ಬಂದಿತು. ಎರಡನೆಯದಕ್ಕೆ ಯೋಗವು ದಾನವಾಗಿ ದೊರೆಯಿತು. ಆ ದಾನದ ಜೊತೆಯಲ್ಲಿ ಕ್ಷೇಮವು ಬರಲಿಲ್ಲ. ‘ಸರಕಾರವು ಬಿಟ್ಟಿಯಾಗಿ ಭೂಮಿ ಕೊಟ್ಟಿತಲ್ಲ, ಇನ್ನೇನು ಬೇಕು?’ ಎಂಬ ಎರಡನೆಯ ಪೂರ್ವಪಕ್ಷಕ್ಕೆ ಇದೇ ಸಮಾಧಾನ. ಸಸಿಯನ್ನು ನೆಟ್ಟು ಬೇಲಿಯನ್ನು ಕಟ್ಟದಿದ್ದರೆ, ಸಸಿ ಕೊಟ್ಟ ಪುಣ್ಯವೂ ಉಳಿಯುವುದಿಲ್ಲ. ದಂಡಕಾರಣ್ಯದಲ್ಲಿ ಭೂಮಿ ಪಡೆದ ಸಹಸ್ರಾರು ಕುಟುಂಬಗಳು ೧೯೭೮ರಲ್ಲಿ ಆ ಭೂಮಿಯನ್ನು ಬಿಟ್ಟು ಬಂಗಾಲದ ಮರಿಚಝಾಪಿ ದ್ವೀಪದ ಕಡೆಗೆ ಹೊರಟುಹೋದುದೂ, ಮರುವರ್ಷ ಅಲ್ಲಿಂದಲೂ ಎಬ್ಬಿಸಲ್ಪಟ್ಟುದೂ ಚರಿತ್ರೆಯಲ್ಲಿದೆ. ಸಿಂಧನೂರಿನ ಕ್ಯಾಂಪುಗಳು ಮಾತ್ರ ನಿಂತುವು. ಅವರ ದುರ್ಗಾಪೂಜೆಗೆ ಸುತ್ತಣ ಊರುಗಳ ಕನ್ನಡಿಗರೂ ಹೋಗಿಬರುವರು. ಕ್ಯಾಂಪಿನ ಮಕ್ಕಳು ಮನೆಯಲ್ಲಿ ಬಂಗಾಲಿಯನ್ನಾಡಿದರೂ ಓದುವುದು ಬರೆಯುವುದು ಕನ್ನಡದಲ್ಲಿ. ನೆಲವು ಅವರನ್ನು ಅಂಗೀಕರಿಸಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಆದರೆ ಒಂದು ಸಮುದಾಯವೆಲ್ಲ ಶ್ರೀಮಂತ, ಇನ್ನೊಂದೆಲ್ಲ ದರಿದ್ರ ಎಂದು ಗ್ರಹಿಸಿದರೆ ಪ್ರಮಾದವಾಗುವುದು. ಆಂಧ್ರ ಕ್ಯಾಂಪುಗಳಲ್ಲಿಯೂ ಭೂಮಿಯಿಲ್ಲದೆ ಗುತ್ತಿಗೆಗೆ ಮಾಡುವವರಿರುವರು. ಒಡೆಯರೊಡನೆ ಕೂಲಿಗಾಗಿ ಬಂದ ಬಡಕುಲಗಳವರೂ ಇರುವರು. ಬಂಗಾಲಿ ಕ್ಯಾಂಪುಗಳಲ್ಲಿಯೂ ಓದಿ ಉದ್ಯೋಗ ಹಿಡಿದು ಮನೆಯನ್ನೆತ್ತಿದವರಿರುವರು. ಇದೂ ಅನ್ವಯ-ವ್ಯತಿರೇಕಕ್ಕೆ ಪೋಷಕವೇ. ಪತ್ರ, ಬಂಡವಾಳ, ವಿದ್ಯೆ ಈ ಮೂರು ಎಲ್ಲಿ ಕೂಡಿದುವೋ ಅಲ್ಲಿ ಕುಲವಾವುದಾದರೂ ಮನೆ ಎದ್ದಿತು. ಎಲ್ಲಿ ತಪ್ಪಿದುವೋ ಅಲ್ಲಿ ಕುಲವಾವುದಾದರೂ ಮನೆ ಬಿದ್ದಿತು.

ಅಲ್ಲದೆ ಮೊದಲನೆಯ ಸಮುದಾಯದ ಕ್ಷೇಮವೂ ಇಂದು ನಿಶ್ಚಿಂತವಾಗಿಲ್ಲ. ತೆಳುನೀರಾವರಿಗೆಂದು ತೋಡಿದ ಕಾಲುವೆಯ ಮೇಲೆ ಭತ್ತವು ವ್ಯಾಪಿಸಿತು. ನೀರು ನಿಂತು ಉಪ್ಪೆದ್ದು ಕೆಟ್ಟ ನೆಲವು ಈ ಯೋಜನೆಯ ಪ್ರದೇಶದಲ್ಲಿ ತೊಂಬತ್ತು ಸಾವಿರ ಹೆಕ್ಟೇರಿಗೂ ಮೀರಿದೆ. ಜಲಾಶಯವು ಆರಂಭದಲ್ಲಿ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಅದು ಸುಮಾರು ೧೦೫ಕ್ಕೆ ಇಳಿಯಿತು. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ತೂಬುಬಾಗಿಲು ಕಿತ್ತುಹೋದಾಗ, ತುಂಬಿದ್ದ ನೀರು ಹೊಳೆಯ ಪಾಲಾಗುವುದನ್ನು ಕಂಡು ಆಂಧ್ರ ಕ್ಯಾಂಪಿನವನೂ ಬಂಗಾಲಿ ಕ್ಯಾಂಪಿನವನೂ ಹಳೆಯ ಊರಿನವನೂ ಒಂದೇ ಬಗೆಯಾಗಿ ನಿದ್ರೆಗೆಟ್ಟರು. ಮೂವರ ಅನ್ನವೂ ಒಂದೇ ಕಟ್ಟೆಯ ಹಿಂದೆ ನಿಂತಿರುವುದೆಂಬುದು ಆ ವಾರದಲ್ಲಿ ಎಲ್ಲರಿಗೂ ಮನದಟ್ಟಾಯಿತು.

ಈಗ ಮೂರನೆಯ ಪೂರ್ವಪಕ್ಷ: ‘ಇಬ್ಬರೂ ಹೊರಗಿನವರು, ಇಲ್ಲಿಯವರ ನೆಲ ನೀರುಗಳನ್ನು ಕಬಳಿಸಿದವರು.’ ಸದ್ಭಕ್ತರು ಈ ಮಾತನ್ನು ಶಾಂತಚಿತ್ತದಿಂದ ಪರೀಕ್ಷಿಸಬೇಕು. ಬಂಗಾಲಿಗಳಿಗೆ ದೊರೆತುದು ಸರಕಾರದ ಹಂಚಿಕೆ. ಆಂಧ್ರದವರಿಗೆ ದೊರೆತುದು ಕ್ರಯಕ್ಕೆ ಕೊಂಡ ಭೂಮಿ. ಮಾರಿದವರು ಯಾರು? ಇಲ್ಲಿಯ ಹಳೆಯ ಮನೆತನಗಳ ಹಿರಿಯರೇ. ಹೊಲವನ್ನು ಸಮಮಾಡಲು ಹಣವಿಲ್ಲದೆ ಮಾರಿದವರು ಕೆಲವರು; ಮದುವೆಯ ಸಾಲಕ್ಕೆ ಮಾರಿದವರು ಕೆಲವರು; ವ್ಯಾಜ್ಯಕ್ಕೆ ಮಾರಿದವರು ಕೆಲವರು. ಅವರಿಗೆ ಯೋಗವು ಪಿತ್ರಾರ್ಜಿತವಾಗಿ ಬಂದಿತ್ತು, ಕ್ಷೇಮವು ಕೈಬಿಟ್ಟಿತು. ಕೊಂಡವನ ಮೇಲೆ ಸಿಟ್ಟಾಗುವುದರಿಂದ ಮಾರಿದ ಹೊಲವು ಮರಳಿ ಬರುವುದಿಲ್ಲ.

ಆದರೆ ನೀರಿನ ದೂರಿನಲ್ಲಿ ಸತ್ಯಾಂಶವಿರುವುದನ್ನು ಮುಚ್ಚಿಡಕೂಡದು. ಕಾಲುವೆಯ ಮೇಲ್ಭಾಗದಲ್ಲಿ ಗೊತ್ತುಪಡಿಸಿದುದಕ್ಕಿಂತ ಹೆಚ್ಚು ಭತ್ತ ಬೆಳೆದುದರಿಂದ ಕೆಳಭಾಗದವರ ಪಾಲು ಬತ್ತಿತು. ಈ ಅತಿಕ್ರಮವನ್ನು ಆರಂಭಿಸಿದವರಲ್ಲಿ ವಲಸೆ ಬಂದವರು ಮುಂದಾಗಿದ್ದರು; ಲಾಭವನ್ನು ಕಂಡ ಮೇಲೆ ಹಳೆಯ ಊರುಗಳವರೂ ಅದೇ ಹಾದಿ ಹಿಡಿದರು. ಇಂದು ನೀರನ್ನು ಹೆಚ್ಚಾಗಿ ಎಳೆಯುವವನ ಮನೆಮಾತು ತೆಲುಗೋ ಕನ್ನಡವೋ ಎಂದು ಕೆಳಗಿನ ಹೊಲಕ್ಕೆ ತಿಳಿಯದು. ಆ ದೋಷಕ್ಕೆ ಪರಿಹಾರವು ನೀರಿನ ನಿಯಮವನ್ನು ಎಲ್ಲರೂ ಪಾಲಿಸುವುದರಲ್ಲಿದೆ; ಯಾರನ್ನೋ ಹೊರಗಿನವರೆಂದು ದೂರುವುದರಲ್ಲಿಲ್ಲ.

ಲಿಂಗಸುಗೂರು ಮಸ್ಕಿಗಳ ಕಡೆಗೆ ದೃಷ್ಟಿ ಹರಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು. ಅಲ್ಲಿ ಬಹುಭಾಗವು ಇಂದಿಗೂ ಮಳೆಯನ್ನೇ ನೋಡುವ ನೆಲ. ನಾರಾಯಣಪುರದ ಬಲದಂಡೆಯ ನೀರು ಕೆಲವೆಡೆಗಳಿಗೆ ಮುಟ್ಟಿತು. ಮಸ್ಕಿಯ ರೈತರು ಆ ಕಾಲುವೆಯ ೫ಎ ಶಾಖೆಗಾಗಿ ಬಹುಕಾಲ ಹೋರಾಡಿದರು. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಸಿಂಧನೂರು, ಲಿಂಗಸುಗೂರು ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಯೇ ಇಟ್ಟಿತು. ಆಗ ಮಸ್ಕಿಗೆ ಪ್ರತ್ಯೇಕ ತಾಲ್ಲೂಕಿನ ಸ್ಥಾನವಿರಲಿಲ್ಲ. ಅಕ್ಕಿಯ ಕಣಜವೆನಿಸಿದ ಸಿಂಧನೂರಿಗೂ ಒಣನೆಲದ ಲಿಂಗಸುಗೂರಿಗೂ ಒಂದೇ ಹೆಸರು ಬಂದುದನ್ನು ನೋಡಿದರೆ, ಕಣಜದಲ್ಲಿ ಧಾನ್ಯವಿದ್ದ ಮಾತ್ರಕ್ಕೆ ಎಲ್ಲರ ಮನೆಯಲ್ಲಿ ಗಂಜಿಯಿರುವುದಿಲ್ಲವೆಂದು ತಿಳಿಯುವುದು.

ಮಳೆ ತಪ್ಪಿದ ವರ್ಷ ಈ ತಾಲ್ಲೂಕುಗಳ ಹಳ್ಳಿಗಳಿಂದ ಜನರು ಗುಳೆ ಹೋಗುವರು. ಮುದುಕರನ್ನೂ ದನಗಳನ್ನೂ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಬೆಂಗಳೂರಿಗೋ ಪುಣೆಗೋ ಹೋಗಿ, ಕಟ್ಟಡಗಳ ಬದಿಯಲ್ಲಿ ತಗಡಿನ ಗುಡಿಸಲು ಹಾಕುವರು. ಅಲ್ಲಿ ಅವರ ಬಿಡಾರಕ್ಕೆ ಏನು ಹೆಸರು? ಅಲ್ಲಿಯೂ ಕ್ಯಾಂಪೇ. ಅಲ್ಲಿಯವರು ಅವರನ್ನು ಏನೆಂದು ಕರೆಯುವರು? ಹೊರಗಿನವರೆಂದೇ. ಅವರ ಪಡಿತರಚೀಟಿ ಊರಲ್ಲಿ, ಅವರ ಮಕ್ಕಳ ಶಾಲೆ ಊರಲ್ಲಿ, ಅವರ ಹೊಟ್ಟೆ ಮಾತ್ರ ಪರಸ್ಥಳದಲ್ಲಿ. ಸಿಂಧನೂರಿನ ಬಂಗಾಲಿ ಮನೆಯ ಮಗನೂ ಲಿಂಗಸುಗೂರಿನ ಶರಣರ ಮನೆಯ ಮಗನೂ ಬೆಂಗಳೂರಿನ ಒಂದೇ ಕಟ್ಟಡದಲ್ಲಿ ಇಟ್ಟಿಗೆ ಹೊರುವಾಗ, ಇಬ್ಬರಲ್ಲಿ ಒಳಗಿನವನಾರು ಹೊರಗಿನವನಾರು ಎಂದು ನಿರ್ಣಯಿಸುವ ಶಾಸ್ತ್ರ ಯಾವುದು?

ಈ ವಿಚಾರದಿಂದ ಶ್ರೀಮಠದ ಶಿಷ್ಯವರ್ಗಕ್ಕೆ ಕೆಲವು ಕರ್ತವ್ಯಗಳು ಒದಗುವುವು. ದಾಸೋಹವೆಂಬುದು ಅನ್ನವಿಡುವಲ್ಲಿಗೇ ಮುಗಿಯುವುದಿಲ್ಲ. ಉಂಡವನು ನಾಳೆಯೂ ಉಣ್ಣುವಂತೆ ಮಾಡುವುದು ಅದರ ಪೂರ್ಣತೆ. ಕ್ಯಾಂಪುಗಳ ಮಕ್ಕಳು ಕನ್ನಡದ ಶಾಲೆಗೆ ಬಂದಾಗ, ಅವರ ಕೈಯಲ್ಲಿ ಯಾವ ಪತ್ರವಿದೆ ಯಾವುದಿಲ್ಲವೆಂದು ನೋಡುವುದಕ್ಕೆ ಮುಂಚೆ, ಕುಳಿತುಕೊಳ್ಳಲು ಮಣೆಯನ್ನು ಕೊಡಬೇಕು. ಕಚೇರಿಗಳ ವ್ಯವಹಾರ ಬಲ್ಲ ಭಕ್ತರು ಊರಿಗೊಬ್ಬರಂತೆ ಮುಂದೆ ಬಂದು ಅರ್ಜಿ ಬರೆಯಲಾರದವರಿಗೆ ಅರ್ಜಿ ಬರೆದುಕೊಟ್ಟರೆ, ಅದು ಒಂದು ಹಬ್ಬದ ಸಂತರ್ಪಣೆಗಿಂತ ಕಿರಿದಾದ ಸೇವೆಯಲ್ಲ. ೨೦೧೩ರಲ್ಲಿ ಜಾರಿಗೆ ಬಂದ ಸಂವಿಧಾನದ ೩೭೧-ಜೆ ವಿಧಿಯು ಈ ಪ್ರದೇಶದಲ್ಲಿ ಹುಟ್ಟಿದವರಿಗೂ ಬಹುಕಾಲ ನೆಲಸಿದವರಿಗೂ ವಿದ್ಯೆ ಉದ್ಯೋಗಗಳಲ್ಲಿ ಪಾಲನ್ನು ಕಾದಿರಿಸಿದೆ. ಆ ಪಾಲಿಗೆ ಬೇಕಾದ ಅರ್ಹತಾಪತ್ರವನ್ನು ಸಕಾಲದಲ್ಲಿ ಮಾಡಿಸದೆ ಸೌಲಭ್ಯವನ್ನು ಕಳೆದುಕೊಳ್ಳುವ ಮಕ್ಕಳು ಹಳೆಯ ಊರುಗಳಲ್ಲಿಯೂ ಇರಬಹುದು.

ಹಳೆಯ ಮನೆತನಗಳು ಆಂಧ್ರದ ನೆರೆಯವರಿಂದ ಕಲಿಯತಕ್ಕುದು ಹೊಲವನ್ನು ಕಾಯುವ ವಿದ್ಯೆ. ಮದುವೆಯ ಒಂದು ದಿನದ ಮೆರವಣಿಗೆಗಾಗಿ ಮೂರು ತಲೆಮಾರಿನ ಎರೆಹೊಲವನ್ನು ಮಾರುವ ದುರಭ್ಯಾಸವು ನಿಲ್ಲಬೇಕು; ಸರಳವಾದ ಸಾಮೂಹಿಕ ವಿವಾಹಗಳಿಗೆ ಮಠಗಳು ಅವಕಾಶ ಮಾಡಿಕೊಟ್ಟಿರುವುದು ಇದಕ್ಕಾಗಿಯೇ. ಬಂಗಾಲಿ ನೆರೆಯವರಿಂದ ಕಲಿಯತಕ್ಕುದು ಎಲ್ಲವನ್ನೂ ಕಳೆದುಕೊಂಡ ಮೇಲೆಯೂ ಕೈಯ ಕಾಯಕವನ್ನು ಬಿಡದಿರುವ ಧೈರ್ಯ. ಅವರಿಬ್ಬರೂ ಇಲ್ಲಿಯವರಿಂದ ಕಲಿಯತಕ್ಕುದೂ ಒಂದುಂಟು: ಈ ನೆಲವು ಜೋಳದ ನೆಲ, ಕಡಿಮೆ ನೀರಿನಲ್ಲಿ ಬದುಕುವ ಅದರ ಗುಟ್ಟನ್ನು ಹಳೆಯ ಒಕ್ಕಲಿಗನೇ ಬಲ್ಲನು. ಜಲಾಶಯವು ಕುಗ್ಗುತ್ತಿರುವ ಈ ಕಾಲದಲ್ಲಿ ಆ ಗುಟ್ಟು ಮೂವರಿಗೂ ಬೇಕಾಗುವುದು.

ಸದ್ಭಕ್ತರೇ, ಯೋಗವನ್ನು ಸರಕಾರವು ಕೊಡಬಲ್ಲದು, ಹಣವು ಕೊಡಬಲ್ಲದು, ಹಿರಿಯರು ಬಿಟ್ಟುಹೋಗಬಲ್ಲರು. ಕ್ಷೇಮವನ್ನು ಮಾತ್ರ ನೆರೆಹೊರೆಯವರು ಒಬ್ಬರಿಗೊಬ್ಬರು ಕೊಡಬೇಕಾಗಿದೆ. ಮೇಲಿನ ಹೊಲದವನು ತನ್ನ ಸರದಿ ಮುಗಿದೊಡನೆ ತೂಬನ್ನು ಮುಚ್ಚಿದರೆ ಕೆಳಗಿನವನಿಗೆ ಕ್ಷೇಮ. ಓದುಬಲ್ಲವನು ಒಂದು ಅರ್ಜಿಯನ್ನು ಬರೆದುಕೊಟ್ಟರೆ ಓದಲಾರದವನಿಗೆ ಕ್ಷೇಮ. ಮುಂದಿನ ವರ್ಷ ಇದೇ ಸಭೆಗೆ ಬರುವಾಗ ಪ್ರತಿಯೊಬ್ಬ ಭಕ್ತನೂ ತನ್ನ ಊರಿನ ಸಮೀಪದ ಒಂದು ಕ್ಯಾಂಪಿನ ಒಂದು ಮನೆಯ ಹೆಸರನ್ನೂ, ಆ ಮನೆಯ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿರುವರೆಂಬುದನ್ನೂ ತಿಳಿದು ಬರುವಂತಾಗಲಿ. ಎಲ್ಲರಿಗೂ ಮಂಗಳವಾಗಲಿ.